ಕೆಲಸದ ಸಂಬಂಧಗಳು ಮತ್ತು ಬಡ್ತಿ: ಐಟಿ ನೌಕರರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇರುವವರಿಗೆ ಮತ್ತು ಅಲ್ಲಿಗೆ ಸೇರಲು ನೋಡುತ್ತಿರುವವರಿಗೆ ಈ ಪುಟ. ಕೆಲಸವೇ ಬರದವರನ್ನು ಪರಿಚಯದ ಬಲದಿಂದ ಒಳಗೆ ನುಗ್ಗಿಸುವ ಉಪಾಯ ಇಲ್ಲಿಲ್ಲ. ಕೆಲಸ ಬರುತ್ತದೆ, ಆದರೆ ಅದು ಯಾರ ಕಣ್ಣಿಗೂ ಬಿದ್ದಿಲ್ಲ ಎನ್ನುವವರ ಪ್ರಶ್ನೆಗಳೇ ಹೆಚ್ಚು.

ಕೆಲಸದ ಸಂಬಂಧಗಳಿಂದ ನೌಕರಿ, ಬಡ್ತಿ ಎನ್ನುವುದೆಲ್ಲ ಕೊನೆಗೆ ವಶೀಲಿಯೇ ತಾನೆ?

ಅಲ್ಲ. ವಶೀಲಿ ಹಚ್ಚುವವರಿಗೆ ನಿಮ್ಮ ಕೆಲಸ ಹೇಗಿದೆ ಎಂದು ಗೊತ್ತಿರಬೇಕಾಗಿಲ್ಲ, ನಿಮ್ಮ ಸೋದರಮಾವ ಗೊತ್ತಿದ್ದರೆ ಸಾಕು. ಇಲ್ಲಿ ಹೇಳುತ್ತಿರುವುದು ನಿಮ್ಮ ಜೊತೆ ಕೂತು ರಿಲೀಸ್ ಮುಗಿಸಿದವರು, ನಿಮ್ಮ ಕೋಡ್ ರಿವ್ಯೂ ಮಾಡಿದವರು, ನಡುರಾತ್ರಿ ಪ್ರೊಡಕ್ಷನ್ (ಗ್ರಾಹಕರು ಬಳಸುತ್ತಿರುವ ಸಿಸ್ಟಮ್) ಕೆಟ್ಟಾಗ ನೀವು ಹೇಗೆ ನಡೆದುಕೊಂಡಿರಿ ಎಂದು ನೋಡಿದವರ ಬಗ್ಗೆ. ಅವರು ನಿಮ್ಮ ಕೆಲಸಕ್ಕೆ ಸಾಕ್ಷಿಗಳು. ಒಂದು ಗಂಟೆಯ ಇಂಟರ್‌ವ್ಯೂನಲ್ಲಿ ತಿಳಿಯದ್ದು ಅವರಿಗೆ ತಿಳಿದಿರುತ್ತದೆ, ಆ ಮಾತಿಗೆ ಬೆಲೆ ಬರುವುದು ಅದಕ್ಕೇ.

ಬೆಂಗಳೂರಿನ ಕೆಲವು ದೊಡ್ಡ ಕಂಪನಿಗಳು ಹುಟ್ಟಿದ್ದೂ ಹೀಗೆ. 1981ರಲ್ಲಿ ಇನ್ಫೋಸಿಸ್ ಶುರು ಮಾಡಿದ ಏಳು ಜನ ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನಲ್ಲಿ ಸಹೋದ್ಯೋಗಿಗಳಾಗಿದ್ದವರು. 2007ರಲ್ಲಿ ಫ್ಲಿಪ್‌ಕಾರ್ಟ್ ಕಟ್ಟಿದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಅಡ್ಡಹೆಸರು ಒಂದೇ ಆದರೂ ನೆಂಟರಲ್ಲ. ದೆಹಲಿ ಐಐಟಿಯಲ್ಲಿ ಓದಿ, ಆಮೇಲೆ ಅಮೆಜಾನ್‌ನಲ್ಲಿ ಜೊತೆಯಾಗಿದ್ದವರು.

ನನಗೆ ದೊಡ್ಡವರು ಯಾರೂ ಹತ್ತಿರದಿಂದ ಪರಿಚಯ ಇಲ್ಲ. ನನ್ನ ಗತಿಯೇನು?

ಹತ್ತಿರದವರು ಬೇಕಾಗಿಯೇ ಇಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಬಳಿಯ ಒಂದು ಪಟ್ಟಣದಲ್ಲಿ, ಆಗಷ್ಟೇ ಕೆಲಸ ಬದಲಿಸಿದವರನ್ನು ಕೇಳಿದ್ದರು. 1973ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಇದು: ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ, ಆ ಪರಿಚಯದವರನ್ನು ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದವರು ಶೇ 16.7 ಮಾತ್ರ. ಶೇ 55.6 ಮಂದಿಗೆ ಆಗೊಮ್ಮೆ ಈಗೊಮ್ಮೆ ಭೇಟಿ. ಇನ್ನು ಶೇ 27.8 ಮಂದಿಗೆ ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ. ಕಾರಣ ಸರಳ. ದಿನಾ ಜೊತೆಗೆ ಊಟ ಮಾಡುವವರಿಗೆ ಗೊತ್ತಿರುವ ಸುದ್ದಿ ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಕಡೆ ಊಟ ಮಾಡುವವರಿಂದ.

ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ಐದು ವರ್ಷ ನಡೆದ ಪ್ರಯೋಗಗಳ ಫಲಿತಾಂಶ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅದು ಈ ಮಾತಿಗೆ ಒಂದು ತಿದ್ದುಪಡಿ ಸೇರಿಸಿತು: ತೀರಾ ದೂರದವರಿಂದಲೂ ಹೆಚ್ಚು ಉಪಯೋಗವಿಲ್ಲ, ಕೆಲಸ ಸಿಗಲು ಹೆಚ್ಚು ನೆರವಾಗುವವರು ಸಾಧಾರಣ ದೂರದವರು. ಹಳೆಯ ಪ್ರಾಜೆಕ್ಟಿನ ಪಕ್ಕದ ಟೀಮಿನವರು, ಎರಡು ವರ್ಷ ಮೊದಲು ಕೆಲಸ ಬಿಟ್ಟ ಲೀಡ್, ಕಾಲೇಜಿನಲ್ಲಿ ಒಂದು ಬ್ಯಾಚ್ ಮೇಲಿದ್ದವರು ಈ ಗುಂಪಿಗೆ ಸೇರುತ್ತಾರೆ. ಒಂದೂ ಮಾತಾಡದ ಐದು ಸಾವಿರ ‘ಕನೆಕ್ಷನ್’ಗಳು ಸೇರುವುದಿಲ್ಲ.

ಒಂದು ಸಂಜೆ ಕೂತು ಪಟ್ಟಿ ಮಾಡಿ. ನೀವು ಮಾಡಿದ ಒಂದೊಂದು ಪ್ರಾಜೆಕ್ಟಿಗೂ ನಾಲ್ಕೈದು ಹೆಸರು, ಒಟ್ಟು 25–30 ದಾಟುವುದು ಬೇಡ. ಪ್ರತಿ ಹೆಸರಿನ ಮುಂದೆ ‘ಇವರು ನನ್ನ ಯಾವ ಕೆಲಸ ನೋಡಿದ್ದಾರೆ’ ಎಂದು ಒಂದು ಸಾಲು ಬರೆಯಿರಿ. ಆ ಸಾಲು ಬರೆಯಲಾಗದಿದ್ದರೆ ಆ ಹೆಸರು ಪಟ್ಟಿಯಲ್ಲಿ ಇರಬೇಕಾದದ್ದಲ್ಲ. ಉಳಿದವರ ಜೊತೆ ನಾಲ್ಕು ತಿಂಗಳಿಗೊಮ್ಮೆ ಒಂದು ಮಾತು ನಡೆದರೆ ಸಾಕು. ಯುಗಾದಿ ಶುಭಾಶಯದ ಫಾರ್ವರ್ಡ್ ಮಾತಿನ ಲೆಕ್ಕಕ್ಕೆ ಬರುವುದಿಲ್ಲ. ‘ಆ ಡೇಟಾಬೇಸ್ ಮೈಗ್ರೇಶನ್‌ನಲ್ಲಿ ನೀವು ಹೇಳಿದ ರೀತಿಯನ್ನೇ ಇಲ್ಲಿ ಬಳಸಿದೆವು, ಕೆಲಸ ಮಾಡಿತು’ ಎಂಬ ಒಂದು ಸಾಲು ಬರುತ್ತದೆ.

ರೆಫರಲ್ ಕೇಳುವುದು ಹೇಗೆ?

ರೆಫರಲ್ ಎಂದರೆ ಆ ಕಂಪನಿಯ ಒಳಗಿರುವವರು ಹುದ್ದೆಗೆ ನಿಮ್ಮ ಹೆಸರು ಸೂಚಿಸುವುದು. ಮೊದಲು ಕಂಪನಿಯ ಕರಿಯರ್ ಪುಟದಲ್ಲಿ ಹುದ್ದೆ ಹುಡುಕಿ ಜಾಬ್ ಐಡಿ ಬರೆದಿಟ್ಟುಕೊಳ್ಳಿ. ಅಲ್ಲೇ ಅರ್ಜಿ ಹಾಕಿಬಿಡಬೇಡಿ. ಎಷ್ಟೋ ಕಂಪನಿಗಳಲ್ಲಿ, ನೀವೇ ಹಾಕಿದ ಅರ್ಜಿ ಅಥವಾ ಕನ್ಸಲ್ಟೆನ್ಸಿ ಕಳಿಸಿದ ರೆಸ್ಯೂಮೆ ಈಗಾಗಲೇ ಸಿಸ್ಟಮ್‌ನಲ್ಲಿದ್ದರೆ ಕೆಲವು ತಿಂಗಳು ರೆಫರಲ್ ಸ್ವೀಕಾರವಾಗುವುದಿಲ್ಲ. ಹಲವರು ಎಡವುವುದು ಇಲ್ಲೇ.

ಆಮೇಲೆ ಒಂದೇ ಸಂದೇಶದಲ್ಲಿ ಎಲ್ಲವನ್ನೂ ಕಳಿಸಿ: ಜಾಬ್ ಐಡಿ, ಪಿಡಿಎಫ್ ರೆಸ್ಯೂಮೆ, ಮೊಬೈಲ್ ನಂಬರ್, ನೋಟಿಸ್ ಪೀರಿಯಡ್, ಒಟ್ಟು ಅನುಭವ. ‘ಹಾಯ್ ಸರ್’ ಎಂದಷ್ಟೇ ಬರೆದು ಉತ್ತರಕ್ಕೆ ಕಾಯುವುದು ಬೇಡ. ಓದುವವರಿಗೆ ಅದರಲ್ಲಿ ಮಾಡಲು ಏನೂ ಇಲ್ಲ. ಸಂದೇಶ ಸುಮಾರು ಹೀಗಿರಲಿ:

‘ನಮಸ್ಕಾರ. 2022ರಲ್ಲಿ ಪೇಮೆಂಟ್ಸ್ ಪ್ರಾಜೆಕ್ಟ್‌ನಲ್ಲಿ ನಿಮ್ಮ ಪಕ್ಕದ ಟೀಮಿನಲ್ಲಿ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದೆ. ನಿಮ್ಮ ಕಂಪನಿಯ ಈ ಹುದ್ದೆಗೆ ನನ್ನ ಅನುಭವ ಹೊಂದುತ್ತದೆ ಅನ್ನಿಸಿತು, ಜಾಬ್ ಐಡಿ ಕೆಳಗಿದೆ. ನನ್ನ ಕೆಲಸವನ್ನು ನೀವು ನೋಡಿರುವಷ್ಟರ ಮೇಲೆ ಸರಿ ಅನ್ನಿಸಿದರೆ ರೆಫರ್ ಮಾಡಿ. ಆಗದಿದ್ದರೂ ಬೇಸರವಿಲ್ಲ.’

ಕೊನೆಯ ಸಾಲು ಬಿಡಬೇಡಿ. ನಮ್ಮವರು ದಾಕ್ಷಿಣ್ಯಕ್ಕೆ ‘ಆಯ್ತು ಮಾಡ್ತೀನಿ’ ಎಂದುಬಿಟ್ಟು ಆಮೇಲೆ ಫೋನ್ ಎತ್ತುವುದಿಲ್ಲ. ಇಲ್ಲ ಎನ್ನಲು ಜಾಗ ಬಿಟ್ಟರೆ ಸಂಬಂಧ ಉಳಿಯುತ್ತದೆ. ಹತ್ತು ದಿನ ಬಿಟ್ಟು ಒಂದು ಸಲ ನೆನಪಿಸಬಹುದು, ಎರಡನೆಯ ಸಲ ಬೇಡ. ಫಲಿತಾಂಶ ಏನೇ ಆದರೂ ರೆಫರ್ ಮಾಡಿದವರಿಗೆ ತಿಳಿಸಿ. ಅಚ್ಚರಿ ಎನಿಸುವಷ್ಟು ಜನ ಇದನ್ನೇ ಮರೆಯುತ್ತಾರೆ.

ಹಂಗಿಗೆ ಬಿದ್ದೆವು ಎಂಬ ಭಯವೂ ಅಷ್ಟೊಂದು ಬೇಡ. ರೆಫರ್ ಆದವರು ಸೇರಿ ಕೆಲವು ತಿಂಗಳು ಉಳಿದರೆ ಅನೇಕ ಕಂಪನಿಗಳು ರೆಫರ್ ಮಾಡಿದವರಿಗೆ ಬೋನಸ್ ಕೊಡುತ್ತವೆ. ಅವರಿಗೂ ಲಾಭವಿದೆ.

ರೆಫರಲ್ ಆದರೂ ಕರೆ ಬರಲಿಲ್ಲ. ಯಾಕೆ?

ರೆಫರಲ್ ನಿಮ್ಮ ರೆಸ್ಯೂಮೆಯನ್ನು ರಿಕ್ರೂಟರ್ ಮುಂದೆ ಇಡುತ್ತದೆ, ಅಷ್ಟೇ. ಆ ಹುದ್ದೆ ಒಳಗಿನವರಿಗೇ ಮೀಸಲಾಗಿರಬಹುದು, ಬಜೆಟ್ ನಿಂತಿರಬಹುದು, ನಿಮ್ಮ 90 ದಿನದ ನೋಟಿಸ್‌ಗೆ ಅವರಿಗೆ ಪುರಸೊತ್ತು ಇಲ್ಲದಿರಬಹುದು. ಇನ್ನೊಂದು ಕಾರಣ ಪೋರ್ಟಲ್‌ನಲ್ಲೇ ಇದೆ. ‘ಈ ಅಭ್ಯರ್ಥಿ ನಿಮಗೆ ಹೇಗೆ ಗೊತ್ತು’ ಎಂಬ ಜಾಗದಲ್ಲಿ ರೆಫರ್ ಮಾಡುವವರು ‘ಫ್ರೆಂಡ್’ ಎಂದಷ್ಟೇ ಬರೆದಿದ್ದರೆ ಅದಕ್ಕೆ ತೂಕ ಕಡಿಮೆ. ‘ಒಂದೂವರೆ ವರ್ಷ ಒಂದೇ ಟೀಮ್, ಎಪಿಐ ಟೆಸ್ಟಿಂಗ್ ಪೂರ್ತಿ ಇವರೇ ನೋಡಿಕೊಂಡರು’ ಎಂದಿದ್ದರೆ ಓದುವವರು ನಿಲ್ಲುತ್ತಾರೆ. ಅವರು ಬರೆಯಲು ಅನುಕೂಲವಾಗುವಂತೆ ನಿಮ್ಮ ಸಂದೇಶದಲ್ಲೇ ಆ ವಿವರ ಕೊಟ್ಟಿರಬೇಕು.

ಮ್ಯಾನೇಜರ್ ಜೊತೆ ಚೆನ್ನಾಗಿಯೇ ಇದ್ದೇನೆ. ಆದರೂ ಬಡ್ತಿ ಯಾಕೆ ತಪ್ಪಿತು?

ಹೆಚ್ಚಿನ ದೊಡ್ಡ ಕಂಪನಿಗಳಲ್ಲಿ ಬಡ್ತಿಯನ್ನು ನಿಮ್ಮ ಮ್ಯಾನೇಜರ್ ಒಬ್ಬರೇ ಕೊಡುವುದಿಲ್ಲ. ಅವರು ನಿಮ್ಮ ಹೆಸರು ಎತ್ತುತ್ತಾರೆ. ತೀರ್ಮಾನ ಆಗುವುದು ಅವರಂಥ ಏಳೆಂಟು ಮ್ಯಾನೇಜರ್‌ಗಳು ತಮ್ಮ ಮೇಲಿನವರ ಜೊತೆ ಕೂರುವ ಸಭೆಯಲ್ಲಿ. ಕೆಲವೆಡೆ ಅದಕ್ಕೆ ಕ್ಯಾಲಿಬ್ರೇಶನ್ ಎನ್ನುತ್ತಾರೆ, ಕೆಲವೆಡೆ ನಾರ್ಮಲೈಸೇಶನ್. 2 ಗಂಟೆಯಲ್ಲಿ 40 ಹೆಸರು ಮುಗಿಸಬೇಕು ಎಂದಿಟ್ಟುಕೊಳ್ಳಿ, ಒಬ್ಬರಿಗೆ 3 ನಿಮಿಷ. ನಿಮ್ಮ ಸರದಿ ಬಂದಾಗ ಬೇರೆ ಮ್ಯಾನೇಜರ್ ಒಬ್ಬರು ‘ಹೌದು, ಆ ಸಿಸ್ಟಮ್ ನಿಂತುಹೋದ ಔಟೇಜ್ ಟೈಮಲ್ಲಿ ನಮ್ಮ ಟೀಮಿಗೂ ಅವರೇ ದಾರಿ ತೋರಿಸಿದ್ದು’ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ‘ಯಾರು ಇವರು? ಹೆಸರೇ ಕೇಳಿಲ್ಲ’ ಎಂದರೂ ಮುಗಿಯುತ್ತದೆ. ಮ್ಯಾನೇಜರ್ ಒಳ್ಳೆಯವರೇ ಆಗಿರಬಹುದು, ಆದರೆ ಸೀಟು ನಾಲ್ಕೇ ಇದ್ದಾಗ ಒಬ್ಬರ ಮಾತು ಒಂಟಿ ಮಾತು.

ಆದ್ದರಿಂದ ಸಭೆಗೆ ಮೊದಲೇ ಆ ಕೋಣೆಯಲ್ಲಿ ಕೂರುವ ಇನ್ನೂ ಇಬ್ಬರಿಗಾದರೂ ನಿಮ್ಮ ಕೆಲಸ ಗೊತ್ತಿರಬೇಕು. ಏಪ್ರಿಲ್–ಮಾರ್ಚ್ ವರ್ಷ ಇರುವ ಕಂಪನಿಯಲ್ಲಿ ಇದನ್ನು ಹೀಗೆ ಹಂಚಿಕೊಳ್ಳಬಹುದು.

ಮೇ–ಜೂನ್‌ನಲ್ಲಿ ಮ್ಯಾನೇಜರ್‌ಗೆ ನೇರವಾಗಿ ಕೇಳಿ: ‘ಮುಂದಿನ ಲೆವೆಲ್‌ನ ಯಾವ ಎರಡು ಕೆಲಸ ನಾನಿನ್ನೂ ಮಾಡಿ ತೋರಿಸಿಲ್ಲ?’ ‘ನನಗೆ ಪ್ರಮೋಷನ್ ಯಾವಾಗ’ ಎಂಬ ಪ್ರಶ್ನೆಗೆ ಸಿಗುವುದು ‘ನೋಡೋಣ’. ಮೇಲಿನ ಪ್ರಶ್ನೆಗೆ ಕೆಲಸದ ಹೆಸರು ಸಿಗುತ್ತದೆ. ಸಿಕ್ಕ ಉತ್ತರವನ್ನು ಅದೇ ದಿನ ಎರಡು ಸಾಲಿನ ಮೇಲ್ ಮಾಡಿ. ಮ್ಯಾನೇಜರ್ ಬದಲಾದರೆ ನಿಮ್ಮ ಕೈಯಲ್ಲಿ ಉಳಿಯುವುದು ಆ ಮೇಲ್ ಒಂದೇ.

ಜುಲೈಯಿಂದ ಡಿಸೆಂಬರ್‌ವರೆಗೆ, ಬೇರೆ ಟೀಮ್ ಒಂದರ ಜೊತೆ ಸೇರಿ ಮುಗಿಸಬೇಕಾದ ಕೆಲಸ ಒಂದನ್ನಾದರೂ ಕೈಗೆತ್ತಿಕೊಳ್ಳಿ. ಸಮಾಜಶಾಸ್ತ್ರಜ್ಞ ರೊನಾಲ್ಡ್ ಬರ್ಟ್ ಅಮೆರಿಕದ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರ ಮ್ಯಾನೇಜರ್‌ಗಳ ಬಗ್ಗೆ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಸ್ಪರ ಮಾತಿಲ್ಲದ ಗುಂಪುಗಳ ನಡುವೆ ಓಡಾಡುವವರಿಗೆ ಸಂಬಳ, ರೇಟಿಂಗ್, ಬಡ್ತಿ ಮೂರೂ ಹೆಚ್ಚು ಎಂದು ಕಂಡಿತ್ತು. ನಮ್ಮ ಆಫೀಸುಗಳಲ್ಲಿ ಇಂಥ ಕಂದಕ ಸಾಮಾನ್ಯವಾಗಿ ಇರುವುದು ಡೆವಲಪರ್ ಮತ್ತು ಪ್ರೊಡಕ್ಷನ್ ಸಪೋರ್ಟ್ ನಡುವೆ, ಎಂಜಿನಿಯರಿಂಗ್ ಮತ್ತು ಸೆಕ್ಯುರಿಟಿ ಆಡಿಟ್ ನಡುವೆ. ಅಲ್ಲಿಯ ಕೆಲಸ ಯಾರಿಗೂ ಬೇಡವಾಗಿರುತ್ತದೆ, ಆದ್ದರಿಂದ ಕೇಳಿದರೆ ಸಿಗುತ್ತದೆ.

ಜನವರಿಯಲ್ಲಿ, ಸೆಲ್ಫ್ ಅಪ್ರೈಸಲ್ ಫಾರ್ಮ್ ಬರುವ ಮುಂಚೆಯೇ, ಒಂದು ಪುಟ ಸಿದ್ಧ ಮಾಡಿ ಮ್ಯಾನೇಜರ್‌ಗೆ ಕೊಡಿ. ನಾಲ್ಕು ಕೆಲಸ ಸಾಕು. ಪ್ರತಿಯೊಂದಕ್ಕೂ ತೊಂದರೆ ಏನಿತ್ತು, ನೀವು ಮಾಡಿದ್ದೇನು, ಯಾವ ಅಂಕಿ ಎಷ್ಟರಿಂದ ಎಷ್ಟಕ್ಕೆ ಬಂತು, ಅದನ್ನು ಯಾರು ನೋಡಿದ್ದಾರೆ ಎಂದು ಬರೆಯಿರಿ. ಕೊನೆಯ ಕಾಲಮ್ ಹೆಚ್ಚಿನವರು ಬರೆಯುವುದೇ ಇಲ್ಲ. ಮ್ಯಾನೇಜರ್‌ಗೆ ಬೇಕಾಗುವುದು ಅದೇ, ಸಭೆಗೆ ಮುಂಚೆ ಯಾರ ಹತ್ತಿರ ಮಾತಾಡಬೇಕು ಎಂದು ಅದರಿಂದ ತಿಳಿಯುತ್ತದೆ. ಮಾರ್ಚ್‌ನಲ್ಲಿ ಇದನ್ನು ಕೊಟ್ಟರೆ ಸಭೆ ಮುಗಿದಿರುತ್ತದೆ.

ಮ್ಯಾನೇಜರ್‌ನ ಮ್ಯಾನೇಜರ್ ಜೊತೆ ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಕೇಳಬಹುದು, ಬಹಳ ಕಡೆ ಇದಕ್ಕೆ ಪದ್ಧತಿಯೇ ಇದೆ. ಆದರೆ ನಿಮ್ಮ ಮ್ಯಾನೇಜರ್‌ಗೆ ಹೇಳದೆ ಹೋಗಬೇಡಿ, ಮತ್ತು ಆ ಅರ್ಧ ಗಂಟೆಯನ್ನು ಅವರ ಮೇಲಿನ ದೂರಿಗೆ ಬಳಸಬೇಡಿ. ಆ ಮಾತು ಸಂಜೆಯೊಳಗೆ ಕೆಳಗಿಳಿದು ಬರುತ್ತದೆ.

ಮೆಂಟರ್ ಇದ್ದರೆ ಸಾಲದೆ? ಸ್ಪಾನ್ಸರ್ ಯಾರು?

ಮೆಂಟರ್ ನಿಮಗೆ ಬುದ್ಧಿ ಹೇಳುತ್ತಾರೆ. ಸ್ಪಾನ್ಸರ್ ನೀವಿಲ್ಲದ ಕಡೆ ನಿಮ್ಮ ಹೆಸರು ಹೇಳುತ್ತಾರೆ, ಹೇಳಿ ತಮ್ಮ ಹೆಸರನ್ನೂ ಪಣಕ್ಕಿಡುತ್ತಾರೆ. ಆದ್ದರಿಂದ ‘ನನಗೆ ಸ್ಪಾನ್ಸರ್ ಆಗಿ’ ಎಂದು ಕೇಳುವಂತಿಲ್ಲ. ಅವರಿಗೆ ಬೇಕಾಗಿರುವ ಒಂದು ಕಷ್ಟದ ಕೆಲಸವನ್ನು, ಕೆಟ್ಟರೆ ಅವರ ಮರ್ಯಾದೆಗೆ ಕುಂದು ತರುವಂಥದ್ದನ್ನು, ಹೇಳಿದ ದಿನಕ್ಕೆ ಮುಗಿಸಿಕೊಟ್ಟ ಮೇಲೆ ಆ ಸಂಬಂಧ ತಾನಾಗಿ ಶುರುವಾಗುತ್ತದೆ. ತಡವಾಗುವುದಿದ್ದರೆ ಗಡುವಿನ ದಿನ ಹೇಳುವುದಲ್ಲ, ನಾಲ್ಕು ದಿನ ಮೊದಲೇ ಹೇಳಿ.

ಮೆಂಟರ್ ಹತ್ತಿರ ‘ಲೈಫಲ್ಲಿ ಏನು ಮಾಡಲಿ’ ಎಂಬಂಥ ಪ್ರಶ್ನೆ ಒಯ್ಯಬೇಡಿ. ಒಂದು ಡಿಸೈನ್ ಡಾಕ್ಯುಮೆಂಟ್, ಒಂದು ಆಫರ್ ಲೆಟರ್, ಹೀಗೆ ಕೈಯಲ್ಲಿ ಹಿಡಿಯುವಂಥದ್ದು ಏನಾದರೂ ಇರಲಿ. ತಿಂಗಳಿಗೆ 30 ನಿಮಿಷ ಸಾಕು.

ಸೇವಾ ಕಂಪನಿಯಲ್ಲಿ ಬೆಂಚ್ ಮೇಲಿದ್ದೇನೆ. ಇಲ್ಲಿ ಸಂಬಂಧ ಏನು ಮಾಡುತ್ತದೆ?

ಬೆಂಚ್ ಎಂದರೆ ಕೈಯಲ್ಲಿ ಪ್ರಾಜೆಕ್ಟ್ ಇಲ್ಲದೆ ಕಾಯುವುದು. ಇಲ್ಲಿ ಮಾಡುವಷ್ಟು ಬೇರೆಲ್ಲೂ ಮಾಡುವುದಿಲ್ಲ. ಕಾಗದದ ಮೇಲೆ ಪ್ರಾಜೆಕ್ಟ್ ಹಂಚುವುದು ಆರ್‌ಎಂಜಿ (ರಿಸೋರ್ಸ್ ಮ್ಯಾನೇಜ್‌ಮೆಂಟ್ ಗ್ರೂಪ್). ಆದರೆ ಇಷ್ಟು ಜನ ಬೇಕು ಎಂದು ಡಿಮ್ಯಾಂಡ್ ಎತ್ತುವ ಡೆಲಿವರಿ ಮ್ಯಾನೇಜರ್ ಎಷ್ಟೋ ಸಲ ಹೆಸರು ಮೊದಲೇ ಹುಡುಕಿಟ್ಟುಕೊಂಡಿರುತ್ತಾರೆ, ಸಿಸ್ಟಮ್‌ನಲ್ಲಿ ಹಾಕುವುದು ಆಮೇಲೆ. ಬೆಂಚ್‌ಗೆ ಬಂದ ಮೊದಲ ವಾರವೇ ನಿಮ್ಮ ಹಿಂದಿನ ಲೀಡ್‌ಗಳಿಗೆ ಫೋನ್ ಮಾಡಿ, ಯಾವ ಅಕೌಂಟ್‌ನಲ್ಲಿ (ಯಾವ ಕ್ಲೈಂಟ್‌ನ ಕೆಲಸದಲ್ಲಿ) ಜನ ಬೇಕಾಗಿದ್ದಾರೆ ಎಂದು ಕೇಳಿ, ಆ ಅಕೌಂಟ್ ಹೆಸರನ್ನು ಆರ್‌ಎಂಜಿಗೆ ನೀವೇ ತಿಳಿಸಿ. ಸ್ಕಿಲ್ ಪ್ರೊಫೈಲ್ ಹಳೆಯದಾಗಿದ್ದರೆ ಇದೆಲ್ಲ ವ್ಯರ್ಥ, ಮೊದಲು ಅದನ್ನು ಸರಿಪಡಿಸಿ.

ಕ್ಲೈಂಟ್ ಮೆಚ್ಚಿ ಬಾಯಲ್ಲಿ ಹೇಳಿದರೆ ‘ಇದನ್ನೇ ಎರಡು ಸಾಲು ನಮ್ಮ ಮ್ಯಾನೇಜರ್‌ಗೆ ಬರೆಯುತ್ತೀರಾ’ ಎಂದು ಆಗಲೇ ಕೇಳಿ. ನಾಚಿಕೆಪಡುವ ವಿಷಯವಲ್ಲ. ಆದರೆ ಆ ಮೇಲ್ ಅನ್ನು ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ, ಕ್ಲೈಂಟ್ ಮಾಹಿತಿ ಹೊರಗೆ ಹೋಯಿತೆಂದು ಕೆಲಸಕ್ಕೇ ಕುತ್ತು ಬರಬಹುದು.

ಮನೆಯಿಂದ ಕೆಲಸ ಮಾಡಿದರೆ ಬಡ್ತಿಗೆ ಪೆಟ್ಟು ಬೀಳುತ್ತದೆಯೇ?

ಕೆಲಸಕ್ಕಿಂತ ಪರಿಚಯಗಳಿಗೆ ಬೀಳುತ್ತದೆ. ಮೈಕ್ರೋಸಾಫ್ಟ್ ತನ್ನ 61,182 ಅಮೆರಿಕದ ಉದ್ಯೋಗಿಗಳ 2020ರ ಮೊದಲಾರ್ಧದ, ಅಂದರೆ ಕೋವಿಡ್‌ನಿಂದ ಎಲ್ಲರೂ ಮನೆಯಿಂದ ಕೆಲಸಕ್ಕೆ ಹೊರಳಿದ ಸಮಯದ, ದತ್ತಾಂಶ ನೋಡಿದಾಗ, ಬೇರೆ ಗುಂಪಿನವರ ಜೊತೆ ಕಳೆಯುವ ಸಮಯದ ಪಾಲು ಸುಮಾರು ಕಾಲುಭಾಗ ಇಳಿದಿತ್ತು. ಸ್ವಂತ ಟೀಮ್ ಜೊತೆಗಿನ ನಂಟು ಗಟ್ಟಿಯಾಗಿಯೇ ಇತ್ತು. ಅಂದರೆ ಕಳೆದುಹೋದದ್ದು ಕ್ಯಾಲಿಬ್ರೇಶನ್ ಕೋಣೆಯಲ್ಲಿ ಬೇಕಾಗುವ ಆ ದೂರದ ಸಾಕ್ಷಿಗಳೇ. ವಾರಕ್ಕೆ ಎರಡು ದಿನ ಆಫೀಸಿಗೆ ಹೋಗುವುದಾದರೆ, ನಿಮ್ಮ ಟೀಮ್ ಬರುವ ದಿನವನ್ನಷ್ಟೇ ನೋಡಿ ಆರಿಸಬೇಡಿ. ಒಂದು ದಿನ ಪಕ್ಕದ ಟೀಮ್ ಬರುವಾಗ ಹೋಗಿ. ಔಟರ್ ರಿಂಗ್ ರೋಡಿನಲ್ಲಿ ಒಂದೂವರೆ ಗಂಟೆ ಕೂತು ಹೋಗಿ, ಹೆಡ್‌ಫೋನ್ ಹಾಕಿ ಅದೇ ಕಾಲ್‌ಗಳನ್ನು ಕೇಳಿ ಬರುವುದರಲ್ಲಿ ಅರ್ಥವಿಲ್ಲ.

ಹಳ್ಳಿಯಿಂದ ಬಂದವನು, ಇಂಗ್ಲಿಷ್ ಸರಾಗವಿಲ್ಲ, ಮಾತಾಡಲು ಸಂಕೋಚ. ಏನು ಮಾಡಲಿ?

ಬರಹದಿಂದ ಶುರುಮಾಡಿ. ಟೀಮಿನ ಚಾನೆಲ್‌ನಲ್ಲಿ ಯಾರೋ ಕೇಳಿದ ಪ್ರಶ್ನೆಗೆ ಕ್ರಮವಾಗಿ ಉತ್ತರ ಬರೆಯಿರಿ. ಪದೇ ಪದೇ ಬರುವ ಎರರ್‌ಗೆ ಒಂದು ಪುಟದ ಟಿಪ್ಪಣಿ ಹಾಕಿಡಿ. ನಿಮ್ಮ ಹೆಸರಿರುವ ಆ ಪುಟವನ್ನು ನೂರು ಜನ ತೆರೆಯುತ್ತಾರೆ, ಅವರಲ್ಲಿ ಯಾರೂ ನಿಮ್ಮ ಉಚ್ಚಾರಣೆ ಕೇಳುವುದಿಲ್ಲ. ಡೆಮೋ ಕೊಡುವ ಸರದಿ ಬಂದರೆ ಐದು ನಿಮಿಷದ್ದನ್ನು ಮೊದಲು ಒಪ್ಪಿಕೊಳ್ಳಿ. ಮೊದಲ ನಾಲ್ಕು ವಾಕ್ಯ ಬರೆದು ಬಾಯಿಪಾಠ ಮಾಡಿದರೂ ಅಡ್ಡಿಯಿಲ್ಲ, ನಡುಕ ಇರುವುದು ಅಲ್ಲಿಯೇ.

ಎಲ್ಲರೂ ಹೆಸರು ಹಿಡಿದು ಕರೆಯುವ ಕಡೆ ನೀವೊಬ್ಬರೇ ‘ಸರ್’, ‘ಮೇಡಂ’ ಎನ್ನುತ್ತಿದ್ದರೆ ತಪ್ಪೇನಿಲ್ಲ. ಆದರೆ ಅವರ ಅಭಿಪ್ರಾಯ ತಪ್ಪೆಂದು ಹೇಳಬೇಕಾದಾಗ ಆ ‘ಸರ್’ ಗಂಟಲಲ್ಲಿ ಅಡ್ಡ ನಿಲ್ಲುತ್ತದೆ. ಕನ್ನಡದವರ ಗುಂಪು ಆಫೀಸಿನಲ್ಲಿದ್ದರೆ ಸೇರಿಕೊಳ್ಳಿ, ಟೀಮ್ ಗಡಿ ದಾಟಿದ ಪರಿಚಯ ಅಲ್ಲಿ ಸುಲಭ. ಅಲ್ಲಿಗೇ ನಿಲ್ಲಬೇಡಿ. ಒಂದೇ ಭಾಷೆ, ಒಂದೇ ಜಾತಿ, ಒಂದೇ ಕಾಲೇಜಿನವರು ಮಾತ್ರ ನಿಮ್ಮ ಪರ ಮಾತಾಡಿದರೆ ಆ ಸಾಕ್ಷಿಯ ಬೆಲೆ ಅರ್ಧಕ್ಕಿಳಿಯುತ್ತದೆ.

ಮಹಿಳೆಯರಿಗೆ ಬೇರೆ ತೊಡಕುಗಳಿವೆಯೇ?

ಇವೆ. ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕಿ ಹರ್ಮಿನಿಯಾ ಇಬಾರಾ ಮತ್ತು ಜೊತೆಗಾರರು 2010ರಲ್ಲಿ ತೋರಿಸಿದ್ದು ಇಂದಿಗೂ ಆಫೀಸುಗಳಲ್ಲಿ ಕಾಣುತ್ತದೆ: ಮಹಿಳೆಯರಿಗೆ ಬುದ್ಧಿ ಹೇಳುವವರು ಬೇಕಾದಷ್ಟು, ಹೆಸರು ಎತ್ತುವವರು ಕಡಿಮೆ. ಸಿಗರೇಟ್ ಬ್ರೇಕ್, ರಾತ್ರಿಯ ಪಾರ್ಟಿಯಲ್ಲಿ ನಡೆಯುವ ಮಾತುಗಳಿಗೆ ಬದಲಾಗಿ ಹಗಲಿನ 20 ನಿಮಿಷದ ಒಬ್ಬೊಬ್ಬರ ಭೇಟಿಯನ್ನೇ ಕ್ಯಾಲೆಂಡರ್‌ನಲ್ಲಿ ಹಾಕಿ. 26 ವಾರಗಳ ಹೆರಿಗೆ ರಜೆಗೆ ಹೋಗುವ ಮುನ್ನ ಆ ವರ್ಷದ ಕೆಲಸದ ಒಂದು ಪುಟವನ್ನು ಮ್ಯಾನೇಜರ್‌ಗೆ ಮತ್ತು ಅವರ ಮೇಲಿನವರಿಗೆ ಮೇಲ್ ಮಾಡಿ, ಅಪ್ರೈಸಲ್ ನಡೆಯುವಾಗ ನೀವು ರಜೆಯಲ್ಲಿರಬಹುದು.

ಬಡ್ತಿಯ ಆಸೆ ತೋರಿಸಿಯೋ ಕೆಲಸ ಹೋಗುವ ಬೆದರಿಕೆ ಹಾಕಿಯೋ ಯಾರಾದರೂ ಲೈಂಗಿಕವಾಗಿ ಅನುಚಿತವಾಗಿ ನಡೆದುಕೊಂಡರೆ ಅದು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಬರುತ್ತದೆ. 10 ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಘಟನೆಯಾದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಸಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ಕೊಡಬಹುದು.

ಬಾಸ್ ಬೇರೆ ಕಂಪನಿಗೆ ಹೋಗಿ ನನ್ನನ್ನೂ ಕರೆಯುತ್ತಿದ್ದಾರೆ. ಹೋಗಲೇ?

ಸಂಬಳ ಮತ್ತು ಹುದ್ದೆ ಕಾಗದದ ಮೇಲೆ ಬಂದ ಮೇಲೆ ಯೋಚಿಸಿ. ಪರಿಚಯದ ದಾಕ್ಷಿಣ್ಯದಲ್ಲಿ ಸಂಬಳದ ಮಾತನ್ನು ನುಂಗಿಕೊಳ್ಳುವುದು ಇಲ್ಲಿಯ ಮಾಮೂಲಿ ತಪ್ಪು. ಹೊಸ ಕಡೆ ನೀವು ‘ಅವರ ಕಡೆಯವರು’ ಎಂದೇ ಗುರುತಾಗುತ್ತೀರಿ, ಅವರು ಎದ್ದರೆ ನೀವೂ ಏಳುತ್ತೀರಿ, ಬಿದ್ದರೆ ನೀವೂ ಬೀಳುತ್ತೀರಿ. ಸೇರಿದ ಮೊದಲ ಆರು ತಿಂಗಳಲ್ಲಿ ಅವರಿಗೆ ಸಂಬಂಧವಿಲ್ಲದ ಇಬ್ಬರ ಜೊತೆ ಕೆಲಸ ಮಾಡಿ ತೋರಿಸಿದರೆ ಈ ಹಣೆಪಟ್ಟಿ ಸಡಿಲವಾಗುತ್ತದೆ.

ಕೆಲಸ ಬಿಡುವಾಗ ಏನು ಕೆಡುತ್ತದೆ?

ಕೊನೆಯ ಎರಡು ವಾರ. ರಾಜೀನಾಮೆ ಕೊಟ್ಟು 60–90 ದಿನ ಕಳೆಯಬೇಕಾದಾಗ ಜನ ಕಾಲ್‌ಗೆ ಬರುವುದು ನಿಲ್ಲಿಸುತ್ತಾರೆ, ನಾಲ್ಕು ವರ್ಷದ ಕೆಲಸಕ್ಕಿಂತ ಅದೇ ನೆನಪಲ್ಲಿ ಉಳಿಯುತ್ತದೆ. ನಾಲೆಡ್ಜ್ ಟ್ರಾನ್ಸ್‌ಫರ್ ಪಟ್ಟಿಯನ್ನು ಮೊದಲ ವಾರವೇ ಮಾಡಿ ಮ್ಯಾನೇಜರ್ ಒಪ್ಪಿಗೆ ಪಡೆಯಿರಿ. ಬೆಂಗಳೂರಿನಲ್ಲಿ ಇಂದಿನ ಸಹೋದ್ಯೋಗಿ ಐದು ವರ್ಷದಲ್ಲಿ ಇನ್ನೊಂದು ಕಂಪನಿಯ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಎದುರು ಕೂರುವುದು ಅಪರೂಪವೇನಲ್ಲ.

ಪರಿಚಯದವರ ಕಂಪನಿಯಿಂದ ಸುಳ್ಳು ಅನುಭವ ಪತ್ರ ತರುವುದಂತೂ ಬೇಡವೇ ಬೇಡ. 2014ರಿಂದ ಬಂದ ಯುಎಎನ್ (ಪಿಎಫ್ ಖಾತೆಗಳಿಗೆಲ್ಲ ಒಂದೇ ಆದ) ನಂಬರಿನಲ್ಲಿ ಯಾವ ಕಂಪನಿ ಯಾವ ತಿಂಗಳು ಪಿಎಫ್ ಕಟ್ಟಿತು ಎಂಬುದೆಲ್ಲ ಇರುತ್ತದೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರು ನೋಡುವುದು ಅದನ್ನೇ.

‘ಒಳಗಿನವರು ಗೊತ್ತು, ದುಡ್ಡು ಕೊಟ್ಟರೆ ಕೆಲಸ’ ಎನ್ನುವವರನ್ನು ನಂಬಬಹುದೇ?

ಇಲ್ಲ. ‘ಟ್ರೈನಿಂಗ್ ಫೀ’, ‘ಲ್ಯಾಪ್‌ಟಾಪ್ ಡಿಪಾಸಿಟ್’, ‘ವೆರಿಫಿಕೇಶನ್ ಚಾರ್ಜ್’ ಎಂದರೂ ಅಷ್ಟೇ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸರ್ಕಾರಿ ನೌಕರಿಗೂ ಇದೆಲ್ಲ ಅನ್ವಯಿಸುತ್ತದೆಯೇ?

ಒಳಗೆ ಸೇರುವುದಕ್ಕೆ ಬಹಳ ಕಡಿಮೆ. ಕೇಂದ್ರ ಸರ್ಕಾರ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ತೆಗೆದುಹಾಕಿದೆ. ಬಡ್ತಿಯಲ್ಲಿ ಸೇವಾ ಹಿರಿತನ ಮತ್ತು ವಾರ್ಷಿಕ ವರದಿ ಮುಖ್ಯ. ವರದಿ ಬರೆಯುವ ಮೇಲಧಿಕಾರಿಯ ಜೊತೆಗಿನ ಸಂಬಂಧ ಅಲ್ಲಿ ತಟ್ಟುತ್ತದೆ. ಆದರೆ ವರದಿಯಲ್ಲಿರುವ ಪ್ರತಿಯೊಂದು ನಮೂದನ್ನೂ ನೌಕರರಿಗೆ ತಿಳಿಸಬೇಕೆಂದು ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಅದನ್ನು ಕೇಳಿ ಪಡೆಯಿರಿ, ಒಪ್ಪಿಗೆಯಾಗದಿದ್ದರೆ ಬರವಣಿಗೆಯಲ್ಲೇ ಮನವಿ ಕೊಡಿ.

ಲೇಆಫ್ ಆಗಿದೆ. ಈಗ ಯಾರನ್ನು, ಹೇಗೆ ಕೇಳಲಿ?

ಲ್ಯಾಪ್‌ಟಾಪ್ ವಾಪಸ್ ಕೊಡುವ ಮುಂಚೆ ಸಹೋದ್ಯೋಗಿಗಳ ಸ್ವಂತ ನಂಬರ್ ಬರೆದುಕೊಳ್ಳಿ, ಆಫೀಸ್ ಚಾಟ್ ಯಾವ ಗಳಿಗೆಯಲ್ಲಾದರೂ ಮುಚ್ಚುತ್ತದೆ. ಪೇಸ್ಲಿಪ್, ಫಾರ್ಮ್ 16, ಅಪ್ರೈಸಲ್ ಪತ್ರ ಇಳಿಸಿಕೊಳ್ಳಿ. ಮೊದಲ ವಾರವೇ ಮೇಲೆ ಹೇಳಿದ ಪಟ್ಟಿಯ 25–30 ಜನರಲ್ಲಿ ಹತ್ತು ಮಂದಿಗೆ ಬೇರೆ ಬೇರೆಯಾಗಿ ಬರೆಯಿರಿ, ಗ್ರೂಪ್ ಮೆಸೇಜ್ ಬೇಡ. ಲೇಆಫ್ ಎಂದು ನೇರವಾಗಿಯೇ ಹೇಳಿ. ಮುಚ್ಚಿಟ್ಟರೆ ನಿಮ್ಮ ಪರ ಮಾತಾಡಿದವರು ರಿಕ್ರೂಟರ್ ಮುಂದೆ ಮುಜುಗರಕ್ಕೆ ಸಿಲುಕುತ್ತಾರೆ. ‘ಏನಾದರೂ ಇದ್ದರೆ ಹೇಳಿ’ ಎಂದು ಬರೆಯುವ ಬದಲು ಯಾವ ಕೆಲಸ, ಯಾವ ಊರು, ಯಾವಾಗ ಸೇರಬಲ್ಲಿರಿ ಎಂದು ಬರೆಯಿರಿ. ಕೂಡಲೇ ಸೇರಬಲ್ಲಿರಿ ಎನ್ನುವುದು ಈಗ ನಿಮ್ಮ ಕೈಯಲ್ಲಿರುವ ದೊಡ್ಡ ಅನುಕೂಲ, ಅದನ್ನು ಮೊದಲ ಸಾಲಿನಲ್ಲೇ ಹಾಕಿ.